ಅಮ್ಮಿಯ ಬಾಯಲ್ಲಿ ಏನೂ ಇರಲಿಲ್ಲ

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಡಂ ಕೇಳಿದಾಗ ನರಕೋಶಗಳ ಬಗ್ಗೆ ಒಂದು ಲೇಖನ ಬರೆದುಕೊಟ್ಟಿದ್ದೆ. ಮೇಡಂ ಓದಿ, "ಇದೆಲ್ಲ ಬಯಾಲಜಿ ಪುಸ್ತಕದಲ್ಲೇ ಇದೆಯಲ್ಲಮ್ಮ, ಇದರಲ್ಲಿ ನಿನ್ನದು ಅಂತ ಏನಿದೆ?" ಎಂದು ಹಾಳೆಗಳನ್ನು ವಾಪಸ್ ಕೊಟ್ಟರು. ನನ್ನದು ಅಂತ ಇರುವುದು ಅಮ್ಮಿಯ ವಿಷಯ. ಅದನ್ನು ಅವಳನ್ನು ಕೇಳದೆ ಬರೆಯುವಂತಿರಲಿಲ್ಲ. ಮನೆಗೆ ಹೋಗಿ ಕೇಳಿದೆ. ಅಮ್ಮಿ ಮಷೀನಿನಿಂದ ತಲೆ ಎತ್ತದೆ, "ನನ್ನ ಹೆಸರು ಹಾಕಬೇಡ. ಗುಳಿಗೆಯ ಹೆಸರು ಮಾತ್ರ ಸರಿಯಾಗಿ ಬರೆ" ಎಂದಳು.

ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿ. ಅಬ್ಬಾ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಬ್ಲೌಸು, ಚೂಡಿದಾರ, ಸೀರೆಗೆ ಫಾಲು, ಹಬ್ಬ ಹತ್ತಿರ ಬಂದರೆ ಮಕ್ಕಳ ಶರಾರಾ. ನಾನು ಎಸ್ಸೆಸ್ಸೆಲ್ಸಿ ಓದುವಾಗ, ಡಿಸೆಂಬರ್ ತಿಂಗಳಲ್ಲಿ ನಾನಾ ತೀರಿಕೊಂಡರು. ನಲವತ್ತು ದಿನ ಕಳೆದರೂ ಅಮ್ಮಿಯ ದುಃಖ ಇಳಿಯಲಿಲ್ಲ. ಮೊದಲು ಅದನ್ನು ದುಃಖವೆಂದೇ ತಿಳಿದೆವು. ಆಮೇಲೆ ನೋಡಿದರೆ ಅವಳು ಅಳುವುದನ್ನೂ ಬಿಟ್ಟಿದ್ದಳು. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಅಳತೆ ಕೊಟ್ಟು ಹೋದವರ ಬಟ್ಟೆಗಳು ಚೀಲದಲ್ಲೇ ಉಳಿದವು. ದಾದಿಮಾ ದುವಾ ಓದಿ ಊದಿದರು, ನೀರು ಕುಡಿಸಿದರು. ಒಬ್ಬರು ತಾವೀಜ್ ತಂದುಕೊಟ್ಟರು. ಕೊನೆಗೆ ಅಬ್ಬಾನ ಗ್ಯಾರೇಜಿಗೆ ಬರುವ ಗಿರಾಕಿಯೊಬ್ಬರು ಮನೋವೈದ್ಯರ ವಿಳಾಸ ಕೊಟ್ಟರು. ಖಿನ್ನತೆ ಎಂದು ಹೆಸರಿಟ್ಟು ಆ ಡಾಕ್ಟರ್ ಬರೆದುಕೊಟ್ಟದ್ದು ಎಸ್ಸಿಟಲೋಪ್ರಾಮ್, ಹತ್ತು ಮಿಲಿಗ್ರಾಂ, ರಾತ್ರಿ ಊಟವಾದ ಮೇಲೆ ಒಂದು. "ಮೂರ್ನಾಲ್ಕು ವಾರ ಹಿಡಿಯುತ್ತದೆ, ನಡುವೆ ಬಿಡಬೇಡಿ, ತಿಂಗಳಿಗೊಮ್ಮೆ ಬಂದು ತೋರಿಸಿ" ಎಂದಿದ್ದರು. ಈ ಮೂರನೆಯ ಮಾತನ್ನು ನಾವು ಪಾಲಿಸಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಮೊದಲ ವಾರವೇ ಒಂದು ವಿಚಿತ್ರ ನಡೆಯಿತು. ತಿಂಗಳುಗಟ್ಟಲೆ ಕೂತಲ್ಲೇ ಕೂತಿದ್ದ ಅಮ್ಮಿಗೆ ಈಗ ಕೂರಲಿಕ್ಕೇ ಆಗುತ್ತಿರಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆಯುತ್ತಿದ್ದಳು. ನಮಾಜಿನಲ್ಲಿ ನಿಲ್ಲುವುದು ಸಾಧ್ಯವಿತ್ತು. ಅತ್ತಹಿಯ್ಯಾತ್ ಓದಲು ಕೂತಾಗ ಮಾತ್ರ ಕಾಲೊಳಗೆ ಇರುವೆ ಹರಿದಂತಾಗುತ್ತದೆ, ಎದ್ದು ಓಡಬೇಕೆನಿಸುತ್ತದೆ ಎನ್ನುತ್ತಿದ್ದಳು. ಓಣಿಯ ಒಬ್ಬ ಖಾಲಾ ನೋಡಿ, "ನಮಾಜಿನಲ್ಲಿ ಕೂರಲು ಬಿಡುತ್ತಿಲ್ಲ ಅಂದರೆ ಇದು ಗಾಳಿಯದ್ದೇ ಕಾಟ" ಎಂದು ತೀರ್ಪು ಕೊಟ್ಟರು. ದಾದಿಮಾ ಹೆದರಿದರು. ಅಬ್ಬಾ ಮಾತ್ರ ಅಂದೇ ಸಂಜೆ ಡಾಕ್ಟರಿಗೆ ಫೋನ್ ಮಾಡಿದರು. ಅವರು ಗುಳಿಗೆಯನ್ನು ಅರ್ಧಕ್ಕೆ ಇಳಿಸಿ, ಕೆಲವು ದಿನಗಳಿಗೆಂದು ಇನ್ನೊಂದನ್ನು ಜೊತೆಗೆ ಕೊಟ್ಟರು. ವಾರದೊಳಗೆ ಅಮ್ಮಿ ಕೂತಳು.

ಇದಕ್ಕೆ ಅಕಥೀಸಿಯಾ ಎನ್ನುತ್ತಾರೆ. ಗ್ರೀಕ್ ಮೂಲದ ಪದ, 'ಕೂರಲಾಗದಿರುವುದು' ಎಂದೇ ಅರ್ಥ. ಹೊಸ ಕಾಲದ ಖಿನ್ನತೆ ನಿವಾರಕಗಳಲ್ಲಿ ಹೆಸರುವಾಸಿಯಾದ ಫ್ಲೂಆಕ್ಸೆಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರ ಡಿಸೆಂಬರಿನಲ್ಲಿ. 1989ರಲ್ಲೇ ಲಿಪಿನ್ಸ್ಕಿ ಎಂಬ ವೈದ್ಯರು ಮತ್ತು ಅವರ ಸಂಗಡಿಗರು, ಆ ಔಷಧ ತೆಗೆದುಕೊಂಡು ಹೀಗೆ ಕೂರಲಾಗದೆ ಒದ್ದಾಡಿದ ಐದು ರೋಗಿಗಳ ವಿವರ ಪ್ರಕಟಿಸಿದರು. ಇದರಲ್ಲಿ ಒಂದು ಅಪಾಯವಿದೆ. ನೋಡುವವರಿಗೆ ಇದು ರೋಗವೇ ಜಾಸ್ತಿಯಾದಂತೆ, ಗಾಬರಿ ಹೆಚ್ಚಿದಂತೆ ಕಾಣುತ್ತದೆ. ಹಾಗೆಂದುಕೊಂಡು ಗುಳಿಗೆಯ ಪ್ರಮಾಣ ಏರಿಸಿದರೆ ಒದ್ದಾಟ ಇನ್ನೂ ಏರುತ್ತದೆ. ನಮ್ಮ ವಯಸ್ಸಿನವರು ಇದನ್ನು ಮುಖ್ಯವಾಗಿ ತಿಳಿದಿರಬೇಕು. ಮಕ್ಕಳು ಮತ್ತು ಹದಿಹರೆಯದವರು ಇಂಥ ಗುಳಿಗೆ ಶುರುಮಾಡಿದಾಗ ಮೊದಲ ವಾರಗಳಲ್ಲಿ ಮನೆಯವರು ಹತ್ತಿರದಿಂದ ಗಮನಿಸಬೇಕು ಎಂಬ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಮುದ್ರಿಸಬೇಕೆಂದು ಅಮೆರಿಕದ ಎಫ್‌ಡಿಎ 2004ರಲ್ಲಿ ಹೇಳಿತು. 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಗುಳಿಗೆ ತೆಗೆದುಕೊಳ್ಳಬಾರದು ಎಂದು ಇದರ ಅರ್ಥವಲ್ಲ. ತೆಗೆದುಕೊಂಡ ಮೇಲೆ ಒಳಗೆ ಏನಾಗುತ್ತಿದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು, ಅಷ್ಟೆ.

ಅರ್ಧ ಗುಳಿಗೆಯಿಂದ ನಿಧಾನಕ್ಕೆ ಪೂರ್ತಿ ಗುಳಿಗೆಗೆ ಬಂದ ಮೇಲೆ ಅಮ್ಮಿ ಅಮ್ಮಿಯಾದಳು. ನನ್ನ ಪರೀಕ್ಷೆಯ ಹೊತ್ತಿಗೆ ಬೆಳಿಗ್ಗೆ ಎಬ್ಬಿಸಿ ಚಹಾ ಕೊಡುತ್ತಿದ್ದಳು. ಚೀಲದಲ್ಲಿ ಉಳಿದಿದ್ದ ಬಟ್ಟೆಗಳು ಒಂದೊಂದಾಗಿ ಹೊರಬಂದವು. ಕೈ ಮಾತ್ರ ಸಣ್ಣಗೆ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಈ ನಡುಕ ಆ ಗುಂಪಿನ ಔಷಧಗಳಲ್ಲಿ ಸಾಮಾನ್ಯ ಎಂದು ಡಾಕ್ಟರ್ ಮೊದಲೇ ಹೇಳಿದ್ದರಿಂದ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಗುಣವಾಯಿತಲ್ಲ ಎಂದು ಡಾಕ್ಟರ ಬಳಿ ಹೋಗುವುದನ್ನೂ ನಿಲ್ಲಿಸಿದೆವು. ಹಳೆಯ ಚೀಟಿ ತೋರಿಸಿದರೆ ಗುಳಿಗೆ ಸಿಗುತ್ತಿತ್ತು.

ನಾನು ಈ ಕಾಲೇಜಿಗೆ ಸೇರಿದ ಜೂನ್ ತಿಂಗಳಲ್ಲಿ ಅಮ್ಮಿಗೆ ಹೊಟ್ಟೆ ಉರಿ, ಹೊಟ್ಟೆಯುಬ್ಬರ ಶುರುವಾಯಿತು. ಮನೆ ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಹದಿನೈದು ದಿನಕ್ಕೆ ಒಂದು ಕ್ಯಾಪ್ಸೂಲ್ ಬರೆದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವಂಥದ್ದು. ತಲೆಯ ಗುಳಿಗೆ ತೆಗೆದುಕೊಳ್ಳುತ್ತಿರುವುದನ್ನು ಅಮ್ಮಿ ಅವರಿಗೆ ಹೇಳಲಿಲ್ಲ. ನಾಚಿಕೆ. ಪಕ್ಕದಲ್ಲೇ ನಿಂತಿದ್ದ ನಾನೂ ಹೇಳಲಿಲ್ಲ. ಕ್ಯಾಪ್ಸೂಲಿನಿಂದ ಹೊಟ್ಟೆಗೆ ಹಿತವಾಯಿತು. ಹದಿನೈದು ದಿನ ಮುಗಿದ ಮೇಲೂ ಅಮ್ಮಿ ಕೇಳಿದಾಗಲೆಲ್ಲ ನಾನು ಕಾಲೇಜಿನಿಂದ ಬರುವಾಗ ಮೆಡಿಕಲ್ ಶಾಪಿನಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ಹೊಸದು ತರುತ್ತಿದ್ದೆ. ಯಾರೂ ಚೀಟಿ ಕೇಳಲಿಲ್ಲ. ಹೀಗೆ ಒಂದು ವರ್ಷ ತಂದೆ. ಸ್ಟ್ರಿಪ್ಪಿನ ಮೇಲೆ ಎರಡು ಹೆಸರುಗಳಿದ್ದವು: ರಾಬೆಪ್ರಜೋಲ್ ಮತ್ತು ಲೆವೋಸಲ್ಪಿರೈಡ್. ಸೈನ್ಸ್ ವಿದ್ಯಾರ್ಥಿನಿ ಎಂದು ಹೇಳಿಕೊಳ್ಳುವ ನಾನು ಎರಡನೆಯ ಹೆಸರು ಏನೆಂದು ಒಂದು ಸಲವೂ ನೋಡಲಿಲ್ಲ.

ಜನವರಿ ಹೊತ್ತಿಗೆ ಅಮ್ಮಿಯ ತುಟಿಗಳು ಚಲಿಸತೊಡಗಿದವು.

ಮೊದಲು ಗಮನಿಸಿದ್ದು ದಾದಿಮಾ. "ಬಾಯಲ್ಲಿ ಏನು ಹಾಕಿಕೊಂಡಿದ್ದೀಯಾ?" ಎಂದು ಕೇಳಿದರು. ಏನೂ ಇರಲಿಲ್ಲ. ಎಲೆ ಅಡಿಕೆ ಮೆಲ್ಲುವವರ ಹಾಗೆ ದವಡೆ ಆಡುತ್ತಿತ್ತು. ತುಟಿ ಚಪ್ಪರಿಸಿದಂತಾಗುತ್ತಿತ್ತು. ಒಮ್ಮೊಮ್ಮೆ ನಾಲಿಗೆಯ ತುದಿ ಹೊರಗೆ ಬಂದು ಒಳಗೆ ಹೋಗುತ್ತಿತ್ತು. ಹೇಳಿದ ತಕ್ಷಣ ಅಮ್ಮಿ ನಿಲ್ಲಿಸುತ್ತಿದ್ದಳು. ಮಾತು ಬೇರೆ ಕಡೆ ತಿರುಗಿದ ಕೂಡಲೇ ಮತ್ತೆ ಶುರು. ತನ್ನ ತುಟಿ ಆಡುತ್ತಿರುವುದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಮಲಗಿ ನಿದ್ದೆ ಹತ್ತಿದ ಮೇಲೆ ಮುಖ ಶಾಂತವಾಗುತ್ತಿತ್ತು. ನಾನು ಟಾರ್ಚ್ ಹಿಡಿದು ನೋಡಿದ್ದೇನೆ.

ಓಣಿಯವರು ಇದನ್ನು ಬೇರೆ ರೀತಿ ತಿಳಿದರು. ಕಾಯಿಲೆಯಿಂದ ಎದ್ದ ಮೇಲೆ ಅಮ್ಮಿಯ ಕೈಯಲ್ಲಿ ಹೆಚ್ಚಾಗಿ ತಸ್ಬೀಹ್ ಇರುತ್ತಿತ್ತು. ತುಟಿಯೂ ಆಡುತ್ತಿತ್ತಲ್ಲ, "ನಿಮ್ಮ ಅಮ್ಮಿ ನೋಡು, ಹೊಲಿಯುವಾಗಲೂ ಜಿಕ್ರ್ ಬಿಡುವುದಿಲ್ಲ" ಎಂದು ಒಬ್ಬರು ನನ್ನ ಮುಂದೆ ಹೊಗಳಿದರು. ನಾನು ಹೌದು ಎಂದೆ. ಮನೆಯಲ್ಲೂ ನಾವು ಅದನ್ನೇ ನಂಬಲು ಶುರುಮಾಡಿದ್ದೆವೋ ಏನೋ. ಕಾಯಿಲೆ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು. ಆದರೆ ಫೆಬ್ರವರಿಯಲ್ಲಿ ಕಾಲೇಜಿನ ಪೋಷಕರ ಸಭೆಯ ನೋಟಿಸ್ ಬಂದಾಗ ಅದನ್ನು ಅಮ್ಮಿಗೆ ತೋರಿಸದೆ ಅಬ್ಬಾಗೆ ಕೊಟ್ಟೆ. ಅಬ್ಬಾಗೆ ಗ್ಯಾರೇಜಿನಲ್ಲಿ ಕೆಲಸವಿತ್ತು. ಯಾರೂ ಬರಲಿಲ್ಲ. ನನ್ನ ಗೆಳತಿಯರಲ್ಲಿ ಕೆಲವರು ಇದನ್ನು ಓದುತ್ತೀರಿ, ಅಂದು ನಾನು ಅಮ್ಮಿಗೆ ಜ್ವರ ಎಂದು ಹೇಳಿದ್ದು ನಿಮಗೆ ನೆನಪಿರಬಹುದು.

ಆಮೇಲೆ ರಂಜಾನ್ ಬಂತು. ಜಿಕ್ರ್ ಎಂದು ಹೊಗಳಿದ್ದ ಅದೇ ತುಟಿಗಳನ್ನು ನೋಡಿ ಸಂಬಂಧಿಕರ ಮನೆಯ ಇಫ್ತಾರಿನಲ್ಲಿ ಒಬ್ಬಾಕೆ ಎಲ್ಲರ ಎದುರಿಗೆ, "ಬಾಯಲ್ಲಿ ಏನೋ ಮೆಲ್ಲುತ್ತಿದ್ದೀರಲ್ಲ, ರೋಜಾ ಇಲ್ಲವಾ?" ಎಂದು ಕೇಳಿದರು. ಅಜಾನ್‌ಗೆ ಇನ್ನೂ ಹತ್ತು ನಿಮಿಷವಿತ್ತು. ಅಮ್ಮಿ ಏನೂ ಹೇಳಲಿಲ್ಲ. ಬಾಯಿ ತೆರೆದು ತೋರಿಸಿದಳು. ಚಿಕ್ಕ ಮಗು ಕದ್ದು ಸಕ್ಕರೆ ತಿಂದಿಲ್ಲ ಎಂದು ತಾಯಿಗೆ ತೋರಿಸುವ ಹಾಗೆ. ನಲವತ್ತಾರು ವರ್ಷದವಳು ಅವಳು. ಆ ದಿನದಿಂದ ಮನೆಯೊಳಗೂ ದುಪಟ್ಟಾದ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಇರತೊಡಗಿದಳು. ಅಳತೆ ತೆಗೆದುಕೊಳ್ಳುವಾಗ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಗಿರಾಕಿಗಳು ಕಡಿಮೆಯಾದರು.

ಈದ್‌ಗೆ ಬಂದ ಮಾಮು ಎಲ್ಲ ಕೇಳಿಸಿಕೊಂಡು, "ಇದೆಲ್ಲ ಆ ತಲೆಯ ಗುಳಿಗೆಯದ್ದೇ ಆಟ. ನರ ಸುಟ್ಟುಹಾಕುತ್ತವೆ ಅವು. ಇವತ್ತೇ ಬಿಡಿಸಿ" ಎಂದರು. ಮಾಮು ಪೂರ್ತಿ ತಪ್ಪು ಹೇಳಲಿಲ್ಲ, ಅದೇ ತೊಂದರೆಯಾದದ್ದು. ನಾನೂ ಮೊಬೈಲಿನಲ್ಲಿ ಹುಡುಕಿ ನೋಡಿದೆ. ಖಿನ್ನತೆ ನಿವಾರಕಗಳಿಂದ ತುಟಿ ನಾಲಿಗೆ ಚಲಿಸುವುದು ಅಪರೂಪಕ್ಕೆ ಉಂಟು ಎಂದು ಓದಿದೆ. 'ಅಪರೂಪಕ್ಕೆ' ಎಂಬುದು ಕಣ್ಣಿಗೆ ಬೀಳಲಿಲ್ಲ, 'ಉಂಟು' ಎಂಬುದು ಬಿತ್ತು. ನಾನೇ ಎಸ್ಸಿಟಲೋಪ್ರಾಮ್ ಸ್ಟ್ರಿಪ್ಪನ್ನು ಎತ್ತಿ ಕಪಾಟಿನ ಮೇಲಿಟ್ಟೆ. ಡಾಕ್ಟರನ್ನು ಕೇಳಲಿಲ್ಲ.

ನಾಲ್ಕನೆಯ ದಿನ ಅಮ್ಮಿಗೆ ತಲೆ ತಿರುಗಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ ಎಂದಳು. ವಾಕರಿಕೆ, ಸಿಡುಕು, ಕೆಟ್ಟ ಕನಸು. ಗುಳಿಗೆಯನ್ನು ತಟ್ಟನೆ ನಿಲ್ಲಿಸಿದರೆ ಹೀಗಾಗುತ್ತದೆ, ಅದನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂಬುದು ಆಮೇಲೆ ತಿಳಿಯಿತು. ವಾಕರಿಕೆಗೆಂದು ನಾನು ಹೋಗಿ ಇನ್ನೂ ಎರಡು ಸ್ಟ್ರಿಪ್ ಕ್ಯಾಪ್ಸೂಲ್ ತಂದೆ. ಅದು ಹೊಟ್ಟೆಯದು, ತಲೆಯದ್ದಲ್ಲ ಎಂಬ ಧೈರ್ಯ. ತುಟಿಗಳು ನಿಲ್ಲಲಿಲ್ಲ. ಒಂದೂವರೆ ತಿಂಗಳಲ್ಲಿ ಹಳೆಯ ಖಿನ್ನತೆ ಮರಳಿ ಬಂತು, ಮೊದಲಿಗಿಂತ ಕೆಟ್ಟದಾಗಿ. ಬಕ್ರೀದ್ ದಿನ ಅಮ್ಮಿ ಹಾಸಿಗೆಯಿಂದ ಏಳಲಿಲ್ಲ. ರಾತ್ರಿ ಕಾಲು ಒತ್ತುತ್ತಿದ್ದಾಗ ಮೆಲ್ಲಗೆ, "ನಾಳೆ ನನ್ನನ್ನು ಎಬ್ಬಿಸಬೇಡಿ" ಎಂದಳು. ಆ ದನಿಯಲ್ಲಿ ನಿದ್ದೆಯ ಮಾತಿರಲಿಲ್ಲ. ನಾನು ಅಬ್ಬಾನನ್ನು ಎಬ್ಬಿಸಿದೆ. 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, ಸರಕಾರದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆ ಸಂಖ್ಯೆಯನ್ನು ಎಷ್ಟೋ ಸಲ ನೋಡಿದ್ದೆ. ಆ ಕಡೆಯ ಹೆಣ್ಣುದನಿ ಅಮ್ಮಿಯ ಜೊತೆ ಅರ್ಧ ಗಂಟೆ ಮಾತಾಡಿತು. ರಾತ್ರಿ ಅವಳನ್ನು ಒಬ್ಬಳೇ ಬಿಡಬೇಡಿ, ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮನೆಯಲ್ಲಿರುವ ಎಲ್ಲ ಔಷಧಗಳನ್ನೂ ಒಯ್ಯಿರಿ ಎಂದಿತು. ದಾದಿಮಾ ಮತ್ತು ನಾನು ಅಮ್ಮಿಯ ಎರಡೂ ಬದಿಗೆ ಮಲಗಿದೆವು.

ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ, ಜ್ಯುಬಿಲಿ ಸರ್ಕಲ್‌ನಿಂದ ಆಟೋ ಹಿಡಿದು ಡಿಮ್ಹಾನ್ಸ್ ತಲುಪಿದೆವು. ದೊಡ್ಡ ಸಾಲು. ನಮ್ಮ ಸರದಿ ಬಂದಾಗ ಒಳಗಿದ್ದವರು ವಯಸ್ಸಾದ ಡಾಕ್ಟರ್ ಮೇಡಂ. ಅಮ್ಮಿಯನ್ನು ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಚಪ್ಪಲಿ ತೆಗೆಸಿದರು. ಸೆರಗನ್ನು ಬಾಯಿಂದ ಸರಿಸಲು ಹೇಳಿ ಕೇಳಿದ ಮೊದಲ ಪ್ರಶ್ನೆ: "ಬಾಯಾಗ ಏನರ ಇಟ್ಕೊಂಡೀರೇನ್ರೀ ಅಮ್ಮಾರ?"

ಅಮ್ಮಿಯ ಕಣ್ಣಲ್ಲಿ ನೀರು ಬಂತು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಇಫ್ತಾರಿನ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟರು. ಆಮೇಲೆ, "ನಾನು ಎಲ್ಲಾರ್ಗೂ ಇದನ್ನ ಕೇಳ್ತೀನ್ರೀ. ಇದು ಪರೀಕ್ಷಾದಾಗಿನ ಪ್ರಶ್ನಿ, ಬ್ಯಾರೆ ಏನಿಲ್ಲ" ಎಂದರು. ನಿಜ. ದೇಹದ ಅನೈಚ್ಛಿಕ ಚಲನೆಗಳನ್ನು ಅಳೆಯಲು 1976ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪಟ್ಟಿ ಇದೆ, ಅದನ್ನು ಏಮ್ಸ್ ಎಂದು ಕರೆಯುತ್ತಾರೆ (ದೆಹಲಿಯ ಆಸ್ಪತ್ರೆಯಲ್ಲ, ಅಳತೆಪಟ್ಟಿಯ ಹೆಸರೇ ಹಾಗೆ). ಬಾಯಲ್ಲಿ ಚೂಯಿಂಗ್ ಗಮ್ಮೋ ಮಿಠಾಯಿಯೋ ಇದೆಯೇ, ಹಲ್ಲಿನ ಸೆಟ್ ಇದೆಯೇ ಎಂದು ಅದರಲ್ಲಿ ಮೊದಲಿಗೇ ಕೇಳಬೇಕು. ಆಮೇಲೆ ಕೈಗಳನ್ನು ಮೊಣಕಾಲ ಮೇಲಿಟ್ಟು ಕೂರಿಸಿ ನೋಡುತ್ತಾರೆ. ಬಾಯಿ ತೆರೆದು ನಾಲಿಗೆಯನ್ನು ಸುಮ್ಮನೆ ಬಿಡಲು ಹೇಳುತ್ತಾರೆ. ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಬೇಗಬೇಗ ಮುಟ್ಟಿಸುತ್ತಾರೆ. ಗಮನ ಬೆರಳಿನ ಮೇಲೆ ಹೋದಾಗ ತುಟಿಯ ಚಲನೆ ಬಚ್ಚಿಟ್ಟುಕೊಳ್ಳದೆ ಹೊರಬರುತ್ತದೆ. ಅಮ್ಮಿಗೂ ಹಾಗೇ ಆಯಿತು.

ನಂತರ ನಮ್ಮ ಚೀಲವನ್ನು ಮೇಜಿನ ಮೇಲೆ ಸುರಿಯಲು ಹೇಳಿದರು. ಎಸ್ಸಿಟಲೋಪ್ರಾಮ್ ನೋಡಿದರು, ಬದಿಗಿಟ್ಟರು. ಜ್ವರದ ಗುಳಿಗೆ, ಕ್ಯಾಲ್ಸಿಯಂ. ಕ್ಯಾಪ್ಸೂಲಿನ ಸ್ಟ್ರಿಪ್ ಕೈಗೆ ಬಂದಾಗ ಕನ್ನಡಕ ಸರಿಮಾಡಿಕೊಂಡು ಹಿಂದುಮುಂದು ತಿರುಗಿಸಿದರು. "ಇದು ಎಷ್ಟ ದಿನದಿಂದ?" ಎಂದರು. ಒಂದು ವರ್ಷ ಎಂದು ನಾನು ಹೇಳಿದೆ. "ಯಾರು ತಂದಕೊಟ್ರು?" ನಾನೇ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಲೆವೋಸಲ್ಪಿರೈಡ್ ಎಂಬುದು ಹುಟ್ಟಿನಿಂದ ಮನೋರೋಗದ ಔಷಧಗಳ ಜಾತಿಯದ್ದು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕೂರುವ ಜಾಗಗಳನ್ನು ಮುಚ್ಚುತ್ತದೆ. ಅದೇ ಗುಣದಿಂದ ಹೊಟ್ಟೆಯನ್ನು ಬೇಗ ಖಾಲಿಮಾಡಿಸುತ್ತದೆ. ಹಾಗಾಗಿ ನಮ್ಮ ದೇಶದಲ್ಲಿ ಅದನ್ನು ಆಮ್ಲ ತಗ್ಗಿಸುವ ಔಷಧದೊಂದಿಗೆ ಸೇರಿಸಿ ಗ್ಯಾಸಿನ ಕ್ಯಾಪ್ಸೂಲ್ ಎಂದು ಧಾರಾಳವಾಗಿ ಕೊಡುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೇ ಇಲ್ಲ. ಅಲ್ಲಿ ಇದೇ ರೀತಿ ಕೆಲಸ ಮಾಡುವ ಮೆಟೋಕ್ಲೋಪ್ರಮೈಡ್ ಎಂಬ ವಾಂತಿಯ ಔಷಧವಿದೆ. ಅದನ್ನು ಹನ್ನೆರಡು ವಾರ ಮೀರಿ ಸಾಮಾನ್ಯವಾಗಿ ಕೊಡಬಾರದು, ಕೊಟ್ಟರೆ ನಿಲ್ಲದ ಚಲನೆಗಳು ಬರಬಹುದು ಎಂದು 2009ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ತಿಂಗಳುಗಟ್ಟಲೆ ಡೋಪಮೈನ್ ಜಾಗಗಳನ್ನು ಮುಚ್ಚಿಟ್ಟರೆ ಅವು ಅತಿಸೂಕ್ಷ್ಮವಾಗಿ, ತುಟಿ ನಾಲಿಗೆ ದವಡೆಗಳು ತಾವಾಗಿಯೇ ಆಡತೊಡಗುತ್ತವೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಇದರ ಹೆಸರು ಟಾರ್ಡಿವ್ ಡಿಸ್ಕೈನೇಸಿಯಾ. ಟಾರ್ಡಿವ್ ಎಂದರೆ ತಡವಾಗಿ ಬರುವಂಥದ್ದು. ಹೆಂಗಸರಿಗೆ, ವಯಸ್ಸಾದವರಿಗೆ ಅಪಾಯ ಹೆಚ್ಚು.

"ಹಾಗಾದರೆ ಆ ಖಿನ್ನತೆಯ ಗುಳಿಗೆಯದು ಏನೂ ತಪ್ಪಿಲ್ಲವಾ?" ಎಂದು ಅಬ್ಬಾ ಕೇಳಿದರು. ಇದ್ದರೂ ಇರಬಹುದು ಎಂದರು ಡಾಕ್ಟರ್. ಎಸ್ಸಿಟಲೋಪ್ರಾಮ್ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಹೆಚ್ಚಿಸುತ್ತದೆ. ಮೆದುಳಿನ ಆಳದಲ್ಲಿ ಚಲನೆಯನ್ನು ನಿಯಂತ್ರಿಸುವ ಜಾಗಗಳಲ್ಲಿ ಸೆರೊಟೋನಿನ್ ಹೆಚ್ಚಾದರೆ ಡೋಪಮೈನ್ ಕೆಲಸ ತಗ್ಗುತ್ತದೆ. ನಡುಕ, ಕೂರಲಾಗದಿರುವುದು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಅಪರೂಪಕ್ಕೆ ಕತ್ತು ಸೆಳೆತ ಇವೆಲ್ಲ ಬರುವುದು ಹೀಗೆಯೇ ಎಂದು ತಜ್ಞರು ಹೇಳುತ್ತಾರೆ. ಅದೊಂದೇ ಆಗಿದ್ದರೆ ಅಮ್ಮಿಗೆ ಈ ಮಟ್ಟಕ್ಕೆ ಹೋಗುವ ಸಂಭವ ತೀರಾ ಕಡಿಮೆ. ಡೋಪಮೈನನ್ನು ಒಂದು ಮುಚ್ಚುತ್ತಿತ್ತು, ಇನ್ನೊಂದು ತಗ್ಗಿಸುತ್ತಿತ್ತು.

ಅಷ್ಟು ಹೊತ್ತು ಸುಮ್ಮನಿದ್ದ ಅಮ್ಮಿ, "ಮೇಲಿನ ದಾರ ಬಿಗಿ ಮಾಡಿದರೆ ಕೆಳಗಿನ ಬಾಬಿನ್ ದಾರ ಮೇಲಕ್ಕೆ ಎಳೆದುಕೊಂಡು ಬರುತ್ತದಲ್ಲ, ಹಾಗಾ?" ಎಂದಳು. ಡಾಕ್ಟರ್ ಮೇಡಂ ನಕ್ಕು, "ಇನ್ನ ಮ್ಯಾಲೆ ನಾನೂ ಹಂಗ ಹೇಳ್ತೀನ್ರೀ" ಎಂದರು. ಎರಡು ತಿಂಗಳಲ್ಲಿ ಅಮ್ಮಿ ಆಡಿದ ಮೊದಲ ಉದ್ದನೆಯ ವಾಕ್ಯ ಅದು.

ಇಲ್ಲಿ ಸ್ವಲ್ಪ ಬೇರೆ ವಿಷಯ ಹೇಳುತ್ತೇನೆ. ಮನಸ್ಸಿನ ಔಷಧಕ್ಕೂ ಕೈಕಾಲು ತುಟಿಗಳಿಗೂ ಏನು ಸಂಬಂಧ ಎಂದು ನನಗೆ ಬಹಳ ದಿನ ಕಾಡಿತು. ಕೆಮಿಸ್ಟ್ರಿ ಸರ್ ಒಮ್ಮೆ ಕ್ಲಾಸಿನಲ್ಲಿ ಹಕೀಂ ಅಜ್ಮಲ್ ಖಾನರ ಹೆಸರು ಹೇಳಿದ್ದರು. ದೆಹಲಿಯ ಅವರ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ರಸಾಯನಶಾಸ್ತ್ರಜ್ಞರು 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಹಕೀಂ ಸಾಹೇಬರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತಾದ ಸೇನ್ ಮತ್ತು ಬೋಸ್ ಎಂಬ ವೈದ್ಯರು ಆ ಬೇರು ರಕ್ತದೊತ್ತಡಕ್ಕೂ ಮನೋವಿಕಾರಕ್ಕೂ ಉಪಯೋಗವಾಗುತ್ತದೆ ಎಂದು ಬರೆದರು. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೆಸರ್ಪಿನ್ ತೆಗೆದರು. ರೆಸರ್ಪಿನ್ ತೆಗೆದುಕೊಂಡವರಲ್ಲಿ ಕೆಲವರ ಮನಸ್ಸು ಮಂಕಾಯಿತು, ಕೆಲವರು ಪಾರ್ಕಿನ್ಸನ್ ರೋಗಿಗಳಂತೆ ಬಿಗಿದು ನಿಧಾನವಾದರು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್, ರೆಸರ್ಪಿನ್ ಕೊಟ್ಟು ಅಲುಗಾಡದಂತಾದ ಮೊಲಗಳಿಗೆ ಎಲ್‌ಡೋಪಾ ಕೊಟ್ಟು ಎಬ್ಬಿಸಿದರು. ಡೋಪಮೈನಿಗೂ ಚಲನೆಗೂ ನಂಟಿದೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. 2000ದಲ್ಲಿ ಅವರಿಗೆ ನೊಬೆಲ್ ಬಂತು. ನನಗೆ ಬೆರಗಾದದ್ದು ಇನ್ನೊಂದು ಸಂಗತಿ. ಎಸ್ಸಿಟಲೋಪ್ರಾಮ್ ಗುಂಪಿನ ಔಷಧಗಳಲ್ಲಿ ಮೊಟ್ಟಮೊದಲು ಮಾರುಕಟ್ಟೆಗೆ ಬಂದ ಜಿಮೆಲಿಡಿನ್ ಅನ್ನು ರೂಪಿಸಿದವರಲ್ಲೂ ಇದೇ ಕಾರ್ಲ್‌ಸನ್ ಇದ್ದರು. 1982ರಲ್ಲಿ ಬಂದ ಅದನ್ನು ನರಗಳ ಗಂಭೀರ ತೊಂದರೆ ಕಂಡಿತೆಂದು 1983ರಲ್ಲೇ ಹಿಂದೆಗೆದುಕೊಂಡರು. ಮನಸ್ಸು ಮತ್ತು ಚಲನೆ ಬೇರೆಬೇರೆ ಎಂದು ನಮ್ಮ ಓಣಿಯಲ್ಲಿ ತಿಳಿದಿದ್ದೇವೆ, ಆ ಮನುಷ್ಯನ ಪ್ರಯೋಗಾಲಯದಲ್ಲಿ ಅವು ಒಂದೇ ಮೇಜಿನ ಮೇಲಿದ್ದವು.

ಡಾಕ್ಟರ್ ಮಾಡಿದ್ದು ಇಷ್ಟು. ಕ್ಯಾಪ್ಸೂಲ್ ನಿಲ್ಲಿಸಿದರು, ಹೊಟ್ಟೆಗೆ ಆಮ್ಲ ತಗ್ಗಿಸುವ ಗುಳಿಗೆ ಮಾತ್ರ ಕೊಟ್ಟರು. ಎಸ್ಸಿಟಲೋಪ್ರಾಮ್ ಅನ್ನು ಐದು ಮಿಲಿಗ್ರಾಮಿನಿಂದ ಮತ್ತೆ ಶುರುಮಾಡಿದರು. ಮಾಮು ಫೋನಿನಲ್ಲಿ ಕೂಗಾಡಿದರು. "ಬಾಯಿ ಆಡಿದರ ಬದುಕಬಹುದು. ಆವತ್ತ ರಾತ್ರಿ ಹೇಳಿದ ಮಾತು ಇನ್ನೊಮ್ಮೆ ಬರಬಾರದು" ಎಂದು ಡಾಕ್ಟರ್ ಹೇಳಿದ್ದನ್ನು ಅಬ್ಬಾ ಹಾಗೆಯೇ ಮಾಮುಗೆ ಹೇಳಿದರು. ತುಟಿಯ ಚಲನೆಗೆಂದೇ ಟೆಟ್ರಾಬೆನಜಿನ್ ಎಂಬ ಔಷಧವಿದೆ. ಅದು ಕೆಲಸ ಮಾಡುವ ರೀತಿ ರೆಸರ್ಪಿನ್‌ಗೆ ಹತ್ತಿರ, ಖಿನ್ನತೆಯನ್ನು ಹೆಚ್ಚಿಸಬಹುದು. ಹಾಗಾಗಿ ಅದನ್ನು ಸದ್ಯಕ್ಕೆ ಬೇಡವೆಂದರು. ಕ್ಯಾಪ್ಸೂಲ್ ನಿಲ್ಲಿಸಿದ ಮೊದಮೊದಲು ಚಲನೆ ಹೆಚ್ಚಾದರೂ ಆಗಬಹುದು, ಹೆದರಬೇಡಿ, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ ಎಂದರು. ತಿಂಗಳಿಗೊಮ್ಮೆ ಒಂದು ನಿಮಿಷದ ವಿಡಿಯೊ ಮಾಡಿ ತರಲು ನನಗೆ ಹೇಳಿದರು. ಮೂರು ವಾರ ನಿಜವಾಗಿಯೂ ಹೆಚ್ಚಾಯಿತು, ಅನ್ನ ನುಂಗುವಾಗ ನಾಲಿಗೆ ಕಚ್ಚಿಕೊಳ್ಳುವಷ್ಟು. ನಾನು ಹೆದರಿದೆ. ಈ ಸಲ ಕಪಾಟಿನ ಮೇಲೆ ಏನನ್ನೂ ಎತ್ತಿಡಲಿಲ್ಲ, ಫೋನ್ ಮಾಡಿ ಕೇಳಿದೆ.

ಈಗ ಏಳು ತಿಂಗಳಾಗಿದೆ. ಅಮ್ಮಿಯ ನಿದ್ದೆ ಸರಿಯಾಗಿದೆ. ಏಳು ವಿಡಿಯೊಗಳನ್ನು ಸಾಲಾಗಿ ಹಾಕಿ ನೋಡಿದರೆ ನಾಲಿಗೆ ಹೊರಬರುವುದು ನಾಲ್ಕನೆಯದರಿಂದ ಕಾಣುವುದಿಲ್ಲ. ಕೆಳತುಟಿಯ ಬಲತುದಿ ಇನ್ನೂ ಆಡುತ್ತದೆ, ದಣಿದ ದಿನ ಜಾಸ್ತಿ. ಸೂಜಿಗೆ ದಾರ ಈಗಲೂ ನಾನೇ ಪೋಣಿಸುತ್ತೇನೆ. ಮನೆಯಲ್ಲಿ ಎಲ್ಲರ ಗುಳಿಗೆಗಳೂ ಒಂದೇ ಬಟ್ಟೆಚೀಲದಲ್ಲಿವೆ, ಅಮ್ಮಿಯೇ ಹೊಲಿದದ್ದು. ಯಾವುದು ಯಾರದು, ಯಾತಕ್ಕೆ, ಯಾವತ್ತಿನಿಂದ ಎಂದು ಬರೆದ ಹಾಳೆಯೂ ಅದರೊಳಗಿದೆ. ದಾದಿಮಾರ ಬಿಪಿ ಗುಳಿಗೆಗೂ ಅದೇ ಶಿಸ್ತು. ಮೆಡಿಕಲ್ ಶಾಪಿಗೆ ಚೀಟಿ ಇಲ್ಲದೆ ನಾನು ಹೋಗುವುದಿಲ್ಲ.

ಹೋದ ತಿಂಗಳು ಓಣಿಯ ಆ ಖಾಲಾ ಬ್ಲೌಸಿನ ಅಳತೆ ಕೊಡಲು ಬಂದಿದ್ದರು. "ಈಗಲೂ ಜಿಕ್ರ್ ನಡೆದೇ ಇದೆ, ಮಾಷಾಅಲ್ಲಾ" ಎಂದರು. ಅಮ್ಮಿ ಟೇಪನ್ನು ಅವರ ತೋಳಿಗೆ ಹಿಡಿದೇ, "ಜಿಕ್ರ್ ಅಲ್ಲ ಬೆಹನ್, ಗ್ಯಾಸಿನ ಗುಳಿಗೆಯಿಂದ ಆದದ್ದು. ನೀವೂ ತೆಗೆದುಕೊಳ್ಳುತ್ತೀರಲ್ಲ, ಸ್ಟ್ರಿಪ್ ತಂದು ನನ್ನ ಮಗಳಿಗೆ ತೋರಿಸಿ" ಎಂದಳು. ಖಾಲಾ ಮರುದಿನ ಚೀಲ ತುಂಬ ಸ್ಟ್ರಿಪ್‌ಗಳನ್ನು ತಂದರು. ಅದರಲ್ಲಿ ಒಂದರ ಮೇಲೆ ಆ ಎರಡನೆಯ ಹೆಸರಿತ್ತು. ಇದನ್ನು ಬರೆದುಕೊಟ್ಟ ಡಾಕ್ಟರಿಗೇ ತೋರಿಸಿ, ಎಷ್ಟು ದಿನ ತೆಗೆದುಕೊಳ್ಳಬೇಕೆಂದು ಕೇಳಿಕೊಂಡು ಬನ್ನಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಹೋಗಿದ್ದಾರೋ ಇಲ್ಲವೋ ಇನ್ನೂ ತಿಳಿದಿಲ್ಲ.